ಜೇಬಿನಲ್ಲಿ ಉಳಿದ ಎರಡು ಸೆಲ್

ಹೆದರಿಕೆಗೆ ಕೈಕಾಲು ಬಂದು ಅದೊಂದು ಅಂಗಡಿ ಇಟ್ಟರೆ ಹೇಗಿರುತ್ತದೆ ಎಂದು ನೋಡಬೇಕಿದ್ದರೆ ಆ ಬೀದಿಯ ಕೊನೆಯ ಶೆಡ್ಡಿಗೆ ಹೋಗಬೇಕಿತ್ತು. ಹಳೇ ಜನರೇಟರ್‌ಗಳನ್ನು ಕೊಂಡು, ಬಿಚ್ಚಿ, ತೊಳೆದು, ಸರಿಮಾಡಿ ಮಾರುವ ಮೆಕ್ಯಾನಿಕ್ ಒಬ್ಬ ಅಲ್ಲಿದ್ದ. ಬೀದಿಯವರೆಲ್ಲ ಅವನನ್ನು ಪುಕ್ಕಲ ಎಂದೇ ಕರೆಯುತ್ತಿದ್ದರು. ಎದುರಿಗೇ ಕರೆಯುತ್ತಿದ್ದರು, ಅವನೂ ಬೇಜಾರಿಲ್ಲದೆ ಓಗೊಡುತ್ತಿದ್ದ. ವಯಸ್ಸು ನಲವತ್ತರ ಹತ್ತಿರ, ಮದುವೆಯ ಮಾತೆತ್ತಿದರೆ ಸ್ಪ್ಯಾನರ್ ಹುಡುಕುವ ನೆಪದಲ್ಲಿ ಬೆಂಚಿನಡಿ ತೂರಿಕೊಳ್ಳುತ್ತಿದ್ದ.

ಅವನ ವ್ಯಾಪಾರದ ರೀತಿಯೇ ಬೇರೆ. ಪ್ರತಿಯೊಂದು ಮೆಷೀನಿಗೂ ಒಂದು ರಟ್ಟಿನ ಚೀಟಿ ಕಟ್ಟಿ ಅದರ ದೋಷಗಳನ್ನೆಲ್ಲ ಬರೆದಿಡುತ್ತಿದ್ದ. ಮೊದಲು ಯಾರ ಬಳಿ ಇತ್ತು, ಎಷ್ಟು ವರ್ಷ ಓಡಿದೆ, ಆಯಿಲ್ ಎಲ್ಲಿ ಜಿನುಗುತ್ತದೆ, ಅವರು ಯಾಕೆ ಮಾರಿದರು, ಎಲ್ಲವೂ ಅದರಲ್ಲಿ. ಒಳ್ಳೆಯ ಗುಣ ಏನಾದರೂ ಇದ್ದರೆ ಗಿರಾಕಿಯೇ ಕೇಳಿ ತಿಳಿದುಕೊಳ್ಳಬೇಕು. ಇಷ್ಟು ಸಾಲದೆಂದು, ಮೆಷೀನನ್ನು ಎಲ್ಲಿ ಇಡುತ್ತಾರೆ ಎನ್ನುವುದನ್ನು ಕಣ್ಣಾರೆ ನೋಡದೆ ಮಾರುತ್ತಲೂ ಇರಲಿಲ್ಲ. ಅಂಥ ಅಂಗಡಿ ಹೇಗೆ ನಡೆಯುತ್ತಿತ್ತು ಎಂದರೆ, ಲೆಕ್ಕಪತ್ರವೆಲ್ಲ ಅವನ ಅತ್ತಿಗೆಯ ಕೈಯಲ್ಲಿತ್ತು, ಹಾಗಾಗಿ ನಡೆಯುತ್ತಿತ್ತು.

ಕನ್ನಡಕದ ಹೆಂಗಸೊಬ್ಬಳು ಅಲ್ಲಿಗೆ ಬಂದದ್ದು ಒಂದು ಬೆಳಿಗ್ಗೆ, ಹಾಲಿನ ವ್ಯಾನಿಗಿಂತ ಕೊಂಚ ದೊಡ್ಡದಾದ, ಒಳಗೇ ಮಲಗಲು ಜಾಗವಿರುವ ಒಂದು ಕ್ಯಾಂಪರ್ ಓಡಿಸಿಕೊಂಡು. ಗಾಡಿಯ ಪಕ್ಕೆಯ ಮೇಲೆ ಆಳೆತ್ತರದ ಕನ್ನಡಕದ ಚಿತ್ರವಿತ್ತು. ಊರೂರಿಗೆ ಹೋಗಿ ಕಣ್ಣು ಪರೀಕ್ಷೆ ಮಾಡಿ, ಗಾಡಿಯೊಳಗೇ ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ ಕನ್ನಡಕ ಕೊಡುವುದು ಅವಳ ಕೆಲಸ.

"ಸೆಕೆಂಡ್ ಹ್ಯಾಂಡ್ ಜನರೇಟರ್ ಬೇಕಿತ್ತು. ಚಿಕ್ಕದು, ಎತ್ತಿಡೋ ಹಾಗಿರ್ಬೇಕು," ಎಂದಳು.

"ಎಲ್ಲಿ ಇಡ್ತೀರಿ?"

"ಗಾಡಿ ಹಿಂದೆ, ಮೆಟ್ಟಿಲ ಹತ್ರ."

"ಮೆಟ್ಟಿಲ ಮೇಲೆ ಏನಿದೆ?"

"ಕಿಟಕಿ."

"ಕಿಟಕಿ ಒಳಗೆ?"

"ನನ್ನ ಹಾಸಿಗೆ. ಯಾಕೆ, ಹಾಸಿಗೆ ಯಾವ ಬಣ್ಣ ಅಂತಾನೂ ಹೇಳ್ಬೇಕಾ?"

ಮೆಕ್ಯಾನಿಕ್ಕನ ಕಿವಿ ಬಿಸಿಯಾಯಿತು. ಆದರೂ ಪಟ್ಟು ಬಿಡಲಿಲ್ಲ. "ಹಾಗಾದ್ರೆ ನಿಮಗೆ ಮೆಷೀನ್ ಕೊಡಲ್ಲ ಮೇಡಂ," ಎಂದ.

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ದಿನವಿಡೀ ಬೇರೆಯವರ ಕಣ್ಣಿನೊಳಗೆ ಇಣುಕುವವಳ ನೋಟ ಅದು, ಸುಲಭಕ್ಕೆ ಕದಲುವುದಿಲ್ಲ. ಅವನೇ ಸೋತು ಕೈಯಲ್ಲಿದ್ದ ಬಟ್ಟೆಯಿಂದ ಆಗಲೇ ಒರೆಸಿದ್ದ ಟ್ಯಾಂಕನ್ನು ಮತ್ತೆ ಒರೆಸತೊಡಗಿದ. ಹೆಂಗಸು ಒಬ್ಬಳೇ ಬಂದಿದ್ದಾಳೆ, ಏನೂ ತಿಳಿಯದು ಎಂದುಕೊಂಡಿದ್ದಾನೆ ಎಂದು ಭಾವಿಸಿದ ಅವಳು ತುಟಿ ಬಿಗಿದುಕೊಂಡು ಗಾಡಿ ತಿರುಗಿಸಿಕೊಂಡು ಹೊರಟೇಹೋದಳು.

ಶೆಡ್ಡಿನ ಮೂಲೆಯ ಮೇಜಿನಿಂದ ಅತ್ತಿಗೆ ತಲೆಯೆತ್ತಿದಳು. "ಬಂದೋರನ್ನೆಲ್ಲ ಓಡಿಸು. ಆಮೇಲೆ ನಾವಿಬ್ರೂ ಕೂತು ಈ ಡಬ್ಬಗಳಿಗೆ ಜೋಗುಳ ಹಾಡೋಣ."

"ಅವಳು ಹಾಸಿಗೆ ಪಕ್ಕ ಇಡ್ತಾಳಂತೆ ಅತ್ತಿಗೆ."

ಅತ್ತಿಗೆ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಹೊರಗೆ ನೋಡುತ್ತಿದ್ದಳು.

ಎರಡು ದಿನ ಬಿಟ್ಟು ಕನ್ನಡಕದವಳು ಮತ್ತೆ ಬಂದಳು. ಬೇರೆ ಮೂರು ಕಡೆ ವಿಚಾರಿಸಿದ್ದಳಂತೆ. ಮೂವರೂ ತಮ್ಮ ಮೆಷೀನು ಬಂಗಾರ ಎಂದಿದ್ದರಂತೆ. "ದೋಷ ಹೇಳಿದೋರು ನೀವೊಬ್ರೇ. ಅದೂ ನನ್ನದು," ಎಂದಳು. ಈ ಸಲ ಅವಳ ತುಟಿಯ ಒಂದು ತುದಿ ಮೇಲಕ್ಕೆ ಸರಿದಿತ್ತು.

ಅವನು ಐಸ್‌ಕ್ರೀಮ್ ಗಾಡಿಯವನೊಬ್ಬ ಮಾರಿದ್ದ ಕೆಂಪು ಮೆಷೀನನ್ನು ಎಳೆದು ತಂದ. ಟ್ಯಾಂಕಿನ ಮೇಲೊಂದು ತಗ್ಗು, ಹಗ್ಗದ ಹಿಡಿ ಸವೆದಿತ್ತು, ಚೀಟಿಯಲ್ಲಿ ಏಳು ದೋಷಗಳಿದ್ದವು. ಅವಳು ಏಳನ್ನೂ ಓದಿದಳು. ಅವನು ಹಗ್ಗ ಎಳೆದು ಸ್ಟಾರ್ಟ್ ಮಾಡಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದ.

"ಏನಂತೆ ಅದು?"

"ಚೆನ್ನಾಗಿದೀನಿ ಅಂತಿದೆ."

"ನಂಗೂ ಕೇಳಿಸಿ."

ಅವಳು ಬಗ್ಗಿದಳು. ಸ್ಕ್ರೂಡ್ರೈವರಿನ ತುದಿ ಜಾರದ ಹಾಗೆ ಅವನು ಹಿಡಿದುಕೊಳ್ಳಬೇಕಾಯಿತು, ಅವಳ ಕಿವಿ ಅವನ ಮುಷ್ಟಿಯ ಪಕ್ಕಕ್ಕೆ ಬಂತು. ಕೂದಲ ಒಂದು ಎಳೆ ಅವನ ಹೆಬ್ಬೆರಳಿನ ಮೇಲೆ ಬಿತ್ತು. ಅವಳ ಹುಬ್ಬು ಮೇಲೇರಿತು, ಬಾಯಿ ಸ್ವಲ್ಪ ತೆರೆಯಿತು. ಎಂಜಿನ್ನಿನ ಎದೆಬಡಿತ ಅವಳಿಗೆ ಕೇಳಿಸಿತೋ ಇಲ್ಲವೋ, ಅವನಿಗೆ ತನ್ನದು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಈಗ ನೀವು ಎಳೀರಿ," ಎಂದು ಅವನು ಮೆಷೀನ್ ಆಫ್ ಮಾಡಿ ಹಗ್ಗದ ಹಿಡಿ ಕೊಟ್ಟ. ಅವಳು ಮೂರು ಸಲ ಎಳೆದರೂ ಅದು ಗೊರಗೊರ ಎಂದು ಸುಮ್ಮನಾಯಿತು.

"ಹೆದರ್ಕೊಂಡು ಎಳೆದ್ರೆ ಸ್ಟಾರ್ಟ್ ಆಗಲ್ಲ."

"ಈ ಮಾತು ನೀವು ಹೇಳ್ತಿದೀರಾ?" ಎಂದು ಅವಳು ನಕ್ಕಳು. ನಗುತ್ತಲೇ ನಾಲ್ಕನೇ ಸಲ ಎಳೆದಳು. ಅದು ಹೊತ್ತಿಕೊಂಡಿತು.

ಆಮೇಲೆ ಚಹಾ ಬಂತು. ಬೆಂಚಿನ ಆಚೆ ಅವನು, ಈಚೆ ಅವಳು. "ನಿಜ ಹೇಳಿ, ಹಾಸಿಗೆ ಪಕ್ಕ ಇಟ್ರೆ ಏನಾಗುತ್ತೆ? ಸದ್ದಾಗುತ್ತೆ, ಅಷ್ಟೇ ತಾನೇ?" ಎಂದು ಅವಳು ಕೇಳಿದಳು.

ಅವನು ಹೇಳಿದ. ಎಂಜಿನ್ನಿನ ಹೊಗೆಯಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಗಾಳಿ ಇರುತ್ತದೆ. ಮುಚ್ಚಿದ ಜಾಗಕ್ಕೆ ಅದು ನುಗ್ಗಿದರೆ ಕೆಮ್ಮೂ ಬರುವುದಿಲ್ಲ. ಸ್ವಲ್ಪ ತಲೆನೋವು, ಆಮೇಲೆ ನಿದ್ದೆ. ಅಷ್ಟೇ. "ನಮ್ಮಣ್ಣ ಹಾಗೇ ಹೋದ. ಹನ್ನೆರಡು ವರ್ಷ ಆಯ್ತು. ಟೆಂಪೋದಲ್ಲಿ ಜನರೇಟರ್ ಹೇರ್ಕೊಂಡು ಬಾಡಿಗೆಗೆ ಹೋಗ್ತಿದ್ದ. ಚಳಿ ಇತ್ತು. ಟಾರ್ಪಾಲು ಬಿಗಿಯಾಗಿ ಕಟ್ಟಿತ್ತು. ಒಳಗೇ ಮಲಗಿದ್ದ. ಬೆಳಿಗ್ಗೆ ನಾನೇ ಎಬ್ಬಿಸೋಕೆ ಹೋದೆ."

ಹೇಳುವಾಗ ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರು ಬೆಂಚಿನ ತಗಡಿಗೆ ತಾಗಿ ಟಕಟಕ ಎನ್ನುತ್ತಿತ್ತು. ಕೈ ನಡುಗುತ್ತಿರುವುದು ಅವನಿಗೇ ತಿಳಿದಿರಲಿಲ್ಲ. ಅವಳು ಆ ಕೈಯನ್ನೇ ನೋಡುತ್ತಾ ಕೂತಿದ್ದಳು, ಚಹಾ ಆರಿಹೋಯಿತು. ಟಾರ್ಪಾಲು ಕಟ್ಟಿದವರು ಯಾರು ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ. ಆ ಒಂದು ಮಾತನ್ನು ಅವನು ಹನ್ನೆರಡು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ.

ಹಾಗೆ ನೋಡಿದರೆ ಒಂದು ಹಳೇ ಜನರೇಟರ್ ಕೊಳ್ಳಲು ಒಂದು ಗಂಟೆ ಧಾರಾಳ ಸಾಕು. ಇವರಿಗೆ ಮೂರು ವಾರ ಹಿಡಿಯಿತು. ಒಂದು ದಿನ ಅವಳ ಗಾಜು ಉಜ್ಜುವ ಮೆಷೀನನ್ನು ಜೋಡಿಸಿ ಲೋಡ್ ನೋಡಬೇಕಿತ್ತು. ಇನ್ನೊಂದು ದಿನ ಇಪ್ಪತ್ತು ಹೆಜ್ಜೆ ಉದ್ದದ ಕೇಬಲ್ ತರಬೇಕಿತ್ತು. ಮತ್ತೊಂದು ದಿನ ಏನೂ ಇರಲಿಲ್ಲ, ಅವಳು ಸುಮ್ಮನೆ ಬಂದು ಹಗ್ಗದ ಹಿಡಿ ಸಡಿಲವಾಗಿದೆ ಎಂದಳು. ಅವನು ಅದನ್ನು ಗಂಭೀರವಾಗಿ ಪರೀಕ್ಷಿಸಿ, ಹೌದು ಎಂದ. ಮೂಲೆಯಲ್ಲಿದ್ದ ಅತ್ತಿಗೆ ಸೀನು ಬಂದವಳಂತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಒಮ್ಮೆ ಅವನು ಚೀಟಿ ಓದಲು ಅದನ್ನು ಮೊಳದುದ್ದ ದೂರ ಹಿಡಿದದ್ದನ್ನು ಕಂಡು ಅವಳು ಅವನನ್ನು ಕ್ಯಾಂಪರಿನೊಳಗೆ ಕೂರಿಸಿ ಕಣ್ಣು ಪರೀಕ್ಷೆ ಮಾಡಿದಳು. ಒಳಗೆ ಒಂದು ಹಾಸಿಗೆ, ಒಂದು ಪುಟ್ಟ ಬೆಂಚು, ಗೋಡೆ ತುಂಬ ಗಾಜಿನ ಡಬ್ಬಿಗಳು. ಇಬ್ಬರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಜಾಗ. ಅವಳು ಗಾಜು ಬದಲಿಸುತ್ತಾ, "ಈಗ? ಈಗ?" ಎಂದು ಕೇಳುತ್ತಿದ್ದಳು. ಅವನಿಗೆ ಅಕ್ಷರಗಳು ಬೇಡವಾಗಿದ್ದವು.

"ದೂರದ್ದೆಲ್ಲ ಚೆನ್ನಾಗಿ ಕಾಣುತ್ತೆ ನಿಮಗೆ. ಹತ್ತಿರದ್ದು ಮಂಜು. ಓದೋ ಕನ್ನಡಕ ಬೇಕು," ಎಂದಳು. "ಮುಂದಿನ ಕ್ಯಾಂಪಿನಲ್ಲಿ ಉಜ್ಜಿ ತರ್ತೀನಿ. ದುಡ್ಡು ಬೇಡ."

ಮುಂದಿನ ಕ್ಯಾಂಪು ಇದ್ದದ್ದು ಸಮುದ್ರದ ಪಕ್ಕದ ಉಪ್ಪಿನ ಬಯಲಿನಲ್ಲಿ, ಮೂರು ಗಂಟೆಯ ದಾರಿ. ಬಿಸಿಲಿಗೆ ಉಪ್ಪು ಹೊಳೆದು ಕೆಲಸಗಾರರ ಕಣ್ಣು ಹಾಳಾಗುವ ಜಾಗ. ಕರೆಂಟಿಲ್ಲ, ಫೋನ್ ಸಿಗುವುದಿಲ್ಲ. ಸಂಜೆಯಾದರೆ ಚಳಿಗಾಳಿ. ಮೂರು ದಿನ ಅಲ್ಲಿರಬೇಕು.

ಹೊರಡುವ ಬೆಳಿಗ್ಗೆ ಅವನು ಕೆಂಪು ಮೆಷೀನನ್ನು ಗಾಡಿಗೇರಿಸಿದ. ಹೇಳಿದ್ದನ್ನೇ ಹತ್ತು ಸಲ ಹೇಳಿದ. ಇಪ್ಪತ್ತು ಹೆಜ್ಜೆ ದೂರ, ಹೊಗೆಯ ಬಾಯಿ ಗಾಳಿ ಬೀಸಿಹೋಗುವ ಕಡೆಗೆ, ಮಲಗುವಾಗ ಆಫ್. ಆಮೇಲೆ ಕೊನೆಯದಾಗಿ ಅಂಗೈಯಗಲದ ಬಿಳಿಯ ಅಲಾರಂ ತಂದು ಅವಳ ಹಾಸಿಗೆಯ ಮೇಲಿನ ಗೋಡೆಗೆ ಸ್ಕ್ರೂ ಹಾಕಿದ. ತನ್ನಲ್ಲಿ ಮೆಷೀನ್ ಕೊಂಡ ಪ್ರತಿಯೊಬ್ಬರಿಗೂ ಅವನು ಒಂದು ಅಲಾರಂ ಹಾಗೇ ಕೊಡುತ್ತಿದ್ದ. ವಿಷಗಾಳಿ ಬಂದರೆ ಅದು ಕಿವಿ ಹರಿಯುವಂತೆ ಕೂಗುತ್ತದೆ.

ಅವಳು ಹಿಂದೆಯೇ ನಿಂತಿದ್ದಳು. ಎಷ್ಟು ಹತ್ತಿರವೆಂದರೆ, ಅವನು ಕೈ ಇಳಿಸಿದರೆ ಅವಳ ಭುಜಕ್ಕೆ ತಾಗುತ್ತಿತ್ತು. ಅವನು ಆ ಕಾರಣಕ್ಕೇ ಸ್ವಲ್ಪ ಹೊತ್ತು ಕೈ ಇಳಿಸಲಿಲ್ಲ.

"ಇದು ಕೂಗಿದ್ರೆ ಎದ್ದು ಹೊರಗೆ ಓಡಿ," ಎಂದ ಗೋಡೆಗೆ.

"ಕೂಗದಿದ್ರೆ?"

"ಕೂಗದಿದ್ರೆ ನಿಶ್ಚಿಂತೆಯಾಗಿ ಮಲ್ಕೊಳ್ಳಿ."

"ಸರಿ ಹಾಗಾದ್ರೆ. ಹೆದರೋ ಕೆಲಸ ಇನ್ಮೇಲೆ ಇದರದ್ದು. ನೀವೂ ಸ್ವಲ್ಪ ರಜಾ ತಗೊಳ್ಳಿ." ಅವಳು ಗಾಡಿ ಹತ್ತಿದಳು. ಕನ್ನಡಿಯಲ್ಲಿ ಅವಳ ಕಣ್ಣು ಒಮ್ಮೆ ಅವನನ್ನು ಹುಡುಕಿತು. ಕ್ಯಾಂಪರ್ ಬೀದಿಯ ತುದಿಯಲ್ಲಿ ತಿರುಗುವವರೆಗೂ ಅವನು ಶೆಡ್ಡಿನ ಬಾಗಿಲಲ್ಲೇ ನಿಂತಿದ್ದ.

ಮರುದಿನ ಬೆಳಿಗ್ಗೆ ಅವನು ಹಲ್ಲುಜ್ಜುತ್ತಿದ್ದಾಗ ಅತ್ತಿಗೆ ಹಿತ್ತಲಿನಿಂದ ಕೂಗಿದಳು. "ನಿನ್ನ ಶರ್ಟಿನ ಜೇಬಲ್ಲಿ ಏನೇನು ತುಂಬ್ಕೊಂಡಿರ್ತೀಯೋ. ಒಗೆಯೋಕೆ ಹಾಕಿದ್ರೆ ಟಣ್ ಅಂತು. ತಗೋ ನಿನ್ನ ಸೆಲ್ಲು."

ಅವಳ ಒದ್ದೆ ಅಂಗೈಯಲ್ಲಿ ಎರಡು ಪೆನ್ಸಿಲ್ ಸೆಲ್ ಇದ್ದವು.

ಶೆಡ್ಡಿನಲ್ಲಿ ದಿನವಿಡೀ ಜನರೇಟರ್‌ಗಳು ಓಡುತ್ತವೆ. ಅಲಾರಂಗಳಿಗೆ ಸೆಲ್ ಹಾಕಿಟ್ಟರೆ ಅವು ದಿನವಿಡೀ ಕಿರುಚುತ್ತವೆ. ಅದಕ್ಕೆ ಅವನು ಸೆಲ್ ತೆಗೆದು ಜೇಬಿನಲ್ಲಿ ಇಟ್ಟುಕೊಂಡು, ಗಿರಾಕಿಯ ಗೋಡೆಗೆ ಸ್ಕ್ರೂ ಹಾಕುವ ಮುನ್ನ ಹಾಕಿಕೊಡುತ್ತಿದ್ದ. ಹನ್ನೆರಡು ವರ್ಷದಲ್ಲಿ ಒಂದು ಸಲವೂ ಮರೆತಿರಲಿಲ್ಲ.

ಕೂಗದಿದ್ದರೆ ನಿಶ್ಚಿಂತೆಯಾಗಿ ಮಲಗಿ ಎಂದು ಹೇಳಿದ್ದು ತಾನೇ. ಅದು ಕೂಗುವುದಿಲ್ಲ. ಗಾಡಿಯ ತುಂಬ ವಿಷ ತುಂಬಿದರೂ ಅದು ಗೋಡೆಯ ಮೇಲೆ ಸುಮ್ಮನೆ ಕೂತಿರುತ್ತದೆ. ರಾತ್ರಿ ಆಗಲೇ ಕಳೆದುಹೋಗಿತ್ತು.

ಫೋನ್ ಮಾಡಿದ. ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಿತು. ಮತ್ತೆ ಮಾಡಿದ. ಉಪ್ಪಿನ ಬಯಲಿನ ಆಫೀಸಿನ ನಂಬರ್ ಹುಡುಕಿ ಮಾಡಿದ, ಬಾಗಿಲು ತೆರೆಯುವ ಹೊತ್ತಾಗಿರಲಿಲ್ಲವೋ ಏನೋ, ಅದು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಐದನೇ ಸಲ ಅವಳ ನಂಬರ್ ಒತ್ತುವಾಗ ಅತ್ತಿಗೆ ಅವನ ಕೈಯಿಂದ ಫೋನ್ ಕಸಿದುಕೊಂಡಳು.

"ಏನಾಯ್ತು ಹೇಳು."

ಅವನು ಹೇಳಿದ. ಪೂರ್ತಿ ಹೇಳುವ ಮೊದಲೇ ಅವಳಿಗೆ ಅರ್ಥವಾಯಿತು. ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಇಂಥ ಒಂದು ಬೆಳಿಗ್ಗೆಯನ್ನು ಅವಳೂ ಕಂಡವಳು.

"ಪಿಕಪ್ ತಗೊಂಡು ಹೋಗು."

"ಹೋಗಿ ಏನು ನೋಡ್ಲಿ ಅತ್ತಿಗೆ? ಮತ್ತೆ ಬಾಗಿಲು ತೆಗೆಯೋಕೆ ನನ್ನ ಕೈಲಾಗಲ್ಲ." ಅವನ ದನಿ ಒಡೆಯಿತು. "ಟಾರ್ಪಾಲು ಕಟ್ಟಿದ್ದು ನಾನು. ಅಣ್ಣನಿಗೆ ಚಳಿ ಆಗ್ಬಾರ್ದು ಅಂತ ನಾನೇ ಕಟ್ಟಿದ್ದು. ನಿಮಗೆ ಹೇಳಿಲ್ಲ ನಾನು."

ಅತ್ತಿಗೆ ಸೆರಗಿನಿಂದ ಕೈ ಒರೆಸಿಕೊಂಡಳು. "ಟಾರ್ಪಾಲಿನ ಮಿಕ್ಕ ಗಂಟುಗಳನ್ನ ಆಮೇಲೆ ಬಿಚ್ಚಿದ್ದು ಯಾರು ಅಂದ್ಕೊಂಡಿದೀಯ? ಎರಡು ಸುತ್ತು ಹಾಕಿ ಒಳಗಿಂದ ಎಳೆಯೋ ಗಂಟು, ಈ ಮನೇಲಿ ನಿನ್ನನ್ನ ಬಿಟ್ರೆ ಇನ್ಯಾರು ಹಾಕ್ತಾರೆ. ನಂಗೆ ಅವತ್ತೇ ಗೊತ್ತಿತ್ತು."

ಅವನು ಅವಳ ಮುಖವನ್ನೇ ನೋಡಿದ.

"ಬೆಚ್ಚಗಿರ್ಲಿ ಅಂತ ಕಟ್ಟಿದೆ. ಮೆಷೀನ್ ಆಫ್ ಮಾಡಿ ಮಲಗ್ಬೇಕಾದ್ದು ನಿಮ್ಮಣ್ಣ. ಅವರು ಮಾಡ್ಲಿಲ್ಲ. ಹನ್ನೆರಡು ವರ್ಷ ನೀನಾಗೇ ಹೇಳ್ತೀಯ ಅಂತ ಕಾದೆ, ಅದು ನನ್ನ ತಪ್ಪು." ಪಿಕಪ್ಪಿನ ಕೀಲಿ ತಂದು ಅವನ ಕೈಗೆ ಹಾಕಿದಳು. "ಅಳೋದನ್ನ ದಾರೀಲಿ ಅಳು. ಹೊರಡು ಈಗ."

ಪುಕ್ಕಲ ತನ್ನ ಜನ್ಮದಲ್ಲಿ ನಲವತ್ತಕ್ಕಿಂತ ಜೋರಾಗಿ ಗಾಡಿ ಓಡಿಸಿದವನಲ್ಲ. ಆ ದಿನ ಹಿಂದಿನವರು ಹಾರ್ನ್ ಹೊಡೆಯಲಿಲ್ಲ, ಮುಂದಿನವರೇ ದಾರಿ ಬಿಟ್ಟರು. ಎರಡು ಸೆಲ್ಲನ್ನು ಅಂಗೈಯಲ್ಲಿ ಒತ್ತಿ ಹಿಡಿದೇ ಸ್ಟೀರಿಂಗ್ ಹಿಡಿದಿದ್ದ, ಅವು ಚರ್ಮಕ್ಕೆ ಅಚ್ಚೊತ್ತಿದ್ದವು.

ಅರ್ಧ ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ರೈಲಿನ ಸುಳಿವೇ ಇಲ್ಲ. ಎಂಜಿನ್ ಆಫ್ ಮಾಡಿ ಕೂತಾಗ ಲೆಕ್ಕ ತಾನಾಗಿ ಶುರುವಾಯಿತು, ಬೇಡವೆಂದರೂ ನಿಲ್ಲಲಿಲ್ಲ. ಟ್ಯಾಂಕ್ ತುಂಬಿದರೆ ಆ ಮೆಷೀನ್ ಏಳು ಗಂಟೆ ಓಡುತ್ತದೆ. ಸಂಜೆ ಆರಕ್ಕೆ ಹಚ್ಚಿದರೆ ರಾತ್ರಿ ಒಂದರವರೆಗೆ. ಅವಳು ಒಂಬತ್ತರವರೆಗೆ ಗಾಜು ಉಜ್ಜುತ್ತಾಳೆ. ಚಳಿಗಾಳಿಗೆ ಕಿಟಕಿ ಮುಚ್ಚುತ್ತಾಳೆ. ಪುಟ್ಟ ಹೀಟರ್ ಒಂದಿದೆ ಅವಳ ಬಳಿ. ಅಲಾರಂ ಇದೆಯಲ್ಲ ಎಂದುಕೊಂಡು, ಇನ್ನೊಂದು ಸ್ವಲ್ಪ ಹೊತ್ತು ಬೆಚ್ಚಗಿರಲಿ ಎಂದು ಮಲಗಿಬಿಟ್ಟಿದ್ದರೆ?

ಅವನಿಗೆ ಇನ್ನೊಂದು ವಿಷಯವೂ ಹೊಳೆಯಿತು. ಹನ್ನೆರಡು ವರ್ಷದಲ್ಲಿ ಕಂಡಕಂಡ ಗಿರಾಕಿಗಳಿಗೆಲ್ಲ ಸರಿಯಾಗಿ ಸೆಲ್ ಹಾಕಿಕೊಟ್ಟವನು ಇವಳೊಬ್ಬಳಿಗೆ ಮರೆತ. ಯಾಕೆಂದರೆ ಇವಳು ಹತ್ತಿರ ನಿಂತಿದ್ದಳು. ಯಾಕೆಂದರೆ ಅವನ ಗಮನ ಅವಳ ಉಸಿರಿನ ಮೇಲಿತ್ತು. ಅಣ್ಣನ ಮೇಲೂ ಅವನಿಗೆ ಅಷ್ಟೇ ಜೀವ ಇತ್ತು. ಯಾರನ್ನು ಬೆಚ್ಚಗಿಡಬೇಕೆಂದು ತನಗೆ ಎಲ್ಲರಿಗಿಂತ ಹೆಚ್ಚು ಅನ್ನಿಸುತ್ತದೋ ಅವರ ವಿಷಯದಲ್ಲೇ ತನ್ನ ಕೈ ತಪ್ಪುತ್ತದೆ ಎಂದು ಅವನಿಗೆ ಖಾತ್ರಿಯಾಯಿತು. ಅವಳೊಬ್ಬಳು ಬದುಕಿದ್ದರೆ ಸಾಕು, ಇನ್ನು ಅವಳ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಆ ಗೇಟಿನ ಮುಂದೆ ಕೂತು ತನಗೆ ತಾನೇ ಹೇಳಿಕೊಂಡ.

ರೈಲು ಬಂತು, ಹೋಯಿತು.

ಉಪ್ಪಿನ ಬಯಲು ಕಣ್ಣು ಬಿಡಲಾಗದಷ್ಟು ಬೆಳ್ಳಗಿತ್ತು. ಕ್ಯಾಂಪರ್ ದೂರದಿಂದಲೇ ಕಂಡಿತು, ಬಯಲಿನ ಅಂಚಿನಲ್ಲಿ ಒಂಟಿಯಾಗಿ. ಅವನು ಪಿಕಪ್ ನಿಲ್ಲಿಸಿ ಇಳಿದ. ಮೊದಲು ಕಿವಿಗೊಟ್ಟ. ಜನರೇಟರ್ ಸದ್ದಿರಲಿಲ್ಲ. ಓಡುತ್ತಿದ್ದರೆ ಹೆದರಬೇಕೆಂದುಕೊಂಡಿದ್ದ, ಈಗ ಓಡದಿರುವುದೇ ಹೆಚ್ಚು ಹೆದರಿಸಿತು. ಎಣ್ಣೆ ಮುಗಿಯುವವರೆಗೂ ಓಡಿ ತಾನಾಗಿ ನಿಂತಿದ್ದರೆ ಹೀಗೇ ಇರುತ್ತದೆ.

ಗಾಡಿಯ ಹಿಂದೆ ಬಂದ. ಕೆಂಪು ಮೆಷೀನು ಮೆಟ್ಟಿಲಿಗೆ ಒತ್ತಿಕೊಂಡು ನಿಂತಿತ್ತು. ಇಪ್ಪತ್ತು ಹೆಜ್ಜೆಯಲ್ಲ, ಒಂದು ಹೆಜ್ಜೆಯೂ ದೂರವಿಲ್ಲ. ಹೊಗೆಯ ಬಾಯಿ ನೇರವಾಗಿ ಕಿಟಕಿಗೆ. ಕಿಟಕಿ ಮುಚ್ಚಿತ್ತು, ಪರದೆ ಎಳೆದಿತ್ತು. ಎಂಜಿನ್ ಮುಟ್ಟಿದ, ತಣ್ಣಗಿತ್ತು.

"ಮೇಡಂ," ಎಂದು ಬಾಗಿಲು ತಟ್ಟಿದ. ಬಡಿದ. ಒಳಗಿನಿಂದ ಚಿಲಕ ಹಾಕಿದೆಯೋ ಹೊರಗಿನಿಂದ ಬೀಗ ಹಾಕಿದೆಯೋ ನೋಡುವಷ್ಟು ತಾಳ್ಮೆ ಇರಲಿಲ್ಲ. ಪಿಕಪ್ಪಿಗೆ ಓಡಿ ದೊಡ್ಡ ಸ್ಪ್ಯಾನರ್ ತಂದು ಕಿಟಕಿಗೆ ಬೀಸಿದ. ಗಾಜು ಪುಡಿಪುಡಿಯಾಗಿ ಒಳಗೆ ಬಿತ್ತು. ಪರದೆ ಸರಿಸಿ ಕೈ ಹಾಕಿದ.

ಹಾಸಿಗೆಯ ಮೇಲೆ ಕಂಬಳಿ ಹೊದ್ದು ಯಾರೋ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕದಲಲಿಲ್ಲ.

ಅವನಿಗೆ ಆ ಇನ್ನೊಂದು ಬೆಳಿಗ್ಗೆ ಕಂಡಿತು. ಟಾರ್ಪಾಲು, ಅಣ್ಣನ ಕಾಲು. ಒಡೆದ ಗಾಜಿನ ಅಂಚು ತೋಳು ಗೀರಿದ್ದೂ ತಿಳಿಯದೆ ಕಂಬಳಿಯನ್ನು ಹಿಡಿದೆಳೆದ.

ಎರಡು ದಿಂಬು. ಮೂರು ಸ್ವೆಟರ್. ಫ್ರೇಮು ತುಂಬಿದ ಒಂದು ಬಟ್ಟೆ ಚೀಲ.

"ಏನ್ರೀ ಇದು?"

ಅವನು ತಿರುಗಿದ. ಹತ್ತು ಮಾರು ದೂರದಲ್ಲಿ ಅವಳು ನಿಂತಿದ್ದಳು, ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ಕನ್ನಡಕಗಳ ಟ್ರೇ ಹಿಡಿದುಕೊಂಡು. ಕೆಲಸಗಾರರ ಶೆಡ್ಡಿನಿಂದ ಬರುತ್ತಿದ್ದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮೊದಲು ಕಿಟಕಿ ನೋಡಿದಳು, ಆಮೇಲೆ ಸ್ಪ್ಯಾನರ್, ಆಮೇಲೆ ಅವನ ಮುಖ. ಮುಖ ನೋಡಿದ ಮೇಲೆ ಟ್ರೇಯನ್ನು ನೆಲಕ್ಕಿಟ್ಟು ಓಡಿ ಬಂದಳು.

ಅವನು ಉಪ್ಪಿನ ಮೇಲೆ ಕೂತುಬಿಟ್ಟಿದ್ದ. ಮುಷ್ಟಿ ಬಿಚ್ಚಿ ಎರಡು ಸೆಲ್ ತೋರಿಸಿದ.

"ಇದು ಏನು?"

"ಅಲಾರಂದು. ಹಾಕೋದು ಮರೆತೆ. ನಿನ್ನೆ ಪೂರ್ತಿ ಅದು ಸತ್ತೇ ಇತ್ತು."

ಅವಳು ಮುರಿದ ಕಿಟಕಿಯೊಳಗಿನ ಬಿಳಿ ಅಲಾರಂ ನೋಡಿದಳು. ಅವಳ ಮುಖದ ಬಣ್ಣ ನಿಧಾನವಾಗಿ ಇಳಿಯಿತು. ಅದರ ಕೆಳಗೆ ಒಂದು ರಾತ್ರಿ ಮಲಗಿ ಎದ್ದವಳು ಅವಳು. ಮೆಟ್ಟಿಲ ಮೇಲೆ ಕೈಯೂರಿ ಅವನ ಪಕ್ಕದಲ್ಲೇ ಕೂತಳು.

"ಮೆಷೀನು ಕಿಟಕಿ ಕೆಳಗೆ ಇದೆ," ಎಂದ ಅವನು. ಅದು ಆಪಾದನೆಯಂತೆಯೂ ಅಳುವಿನಂತೆಯೂ ಕೇಳಿಸಿತು.

"ಬೆಳಿಗ್ಗೆ ಹೊರಡುವಾಗ ಎಳೆದು ತಂದೆ. ಯಾರಾದ್ರೂ ಹೊತ್ಕೊಂಡು ಹೋದ್ರೆ ಅಂತ ಮೆಟ್ಟಿಲಿಗೆ ಚೈನ್ ಹಾಕಿದೀನಿ, ನೋಡಿ. ಫ್ರೇಮಿನ ಚೀಲಾನೂ ಅದಕ್ಕೇ ಕಂಬಳಿಯಡಿ ಬಚ್ಚಿಟ್ಟಿದ್ದು. ರಾತ್ರಿ ಅಲ್ಲಿತ್ತು." ಅವಳು ಬೆರಳು ತೋರಿಸಿದಳು. ಸುಮಾರು ಇಪ್ಪತ್ತು ಹೆಜ್ಜೆ ದೂರದಲ್ಲಿ ಉಪ್ಪಿನ ಮೇಲೆ ಚೌಕನೆಯ ಎಣ್ಣೆ ಕಲೆ ಇತ್ತು.

"ಮಲಗುವಾಗ?"

"ಸುಳ್ಳು ಹೇಳಲ್ಲ. ತುಂಬ ಚಳಿ ಇತ್ತು. ಹೀಟರ್ ಬಿಟ್ಟು ಏಳೋಕೆ ಮನಸ್ಸು ಬರ್ಲಿಲ್ಲ. ಅಲಾರಂ ಇದೆಯಲ್ಲ, ಇನ್ನೊಂದು ಗಂಟೆ ಓಡ್ಲಿ ಅಂತ ಮಲಗಿಯೂಬಿಟ್ಟೆ."

ಅವನು ಸೆಲ್ಲುಗಳ ಮೇಲೆ ಮತ್ತೆ ಮುಷ್ಟಿ ಮುಚ್ಚಿದ.

"ಕಣ್ಣು ಮುಚ್ಚಿದ್ರೆ ನಿಮ್ಮ ಸ್ಕ್ರೂಡ್ರೈವರ್ ಕೇಳಿಸ್ತು. ಅವತ್ತು ಅಣ್ಣನ ವಿಷಯ ಹೇಳುವಾಗ ಬೆಂಚಿಗೆ ಟಕಟಕ ಅಂತಿತ್ತಲ್ಲ, ಅದು. ಎದ್ದೆ. ಚಪ್ಪಲಿ ಕೂಡ ಹಾಕ್ಕೊಳ್ದೆ ಹೋಗಿ ಆಫ್ ಮಾಡಿ ಬಂದೆ. ಮೂರು ಸ್ವೆಟರ್ ಹಾಕ್ಕೊಂಡು ಮಲಗಿದೆ." ಅವಳು ಅವನ ತೋಳಿನ ಗೀರನ್ನು ನೋಡಿ, ತಲೆಯ ಬಟ್ಟೆ ಬಿಚ್ಚಿ ಅದಕ್ಕೆ ಸುತ್ತತೊಡಗಿದಳು. "ಅಲಾರಂ ನಂಬಿದ್ರೆ ಏನಾಗ್ತಿತ್ತೋ ಗೊತ್ತಿಲ್ಲ. ನಾನು ನಂಬಿದ್ದು ನಿಮ್ಮ ಹೆದರಿಕೇನ."

ಅವನಿಗೆ ಕಣ್ಣು ತುಂಬಿ ಬಂತು. ಬೀದಿ ಪೂರ್ತಿ ನಕ್ಕ ಹೆದರಿಕೆ ಅದು. ಅತ್ತಿಗೆಗೆ ಮುಖ ತೋರಿಸಲಾಗದೆ ಬೆಂಚಿನಡಿ ಅಡಗಿಸಿಟ್ಟಿದ್ದ ಹೆದರಿಕೆ. ಗೇಟಿನ ಮುಂದೆ ಕೂತು ತನಗೆ ತಾನೇ ಹೇಳಿಕೊಂಡದ್ದನ್ನೆಲ್ಲ ಅವನು ಈಗ ಅವಳಿಗೆ ಹೇಳಿಬಿಟ್ಟ. ಟಾರ್ಪಾಲಿನ ಗಂಟಿನ ಸುದ್ದಿಯನ್ನೂ ಹೇಳಿದ.

"ನೀವಂದ್ರೆ ನಂಗೆ ಇಷ್ಟ," ಎಂದ ಕೊನೆಗೆ, ಉಪ್ಪಿನ ಹರಳೊಂದನ್ನು ನೋಡುತ್ತಾ. "ಅದಕ್ಕೇ ಮರೆತೆ. ಹತ್ತಿರ ಇರೋರ ವಿಷಯದಲ್ಲೇ ನನ್ನ ಕೈ ತಪ್ಪುತ್ತೆ. ಅದಕ್ಕೆ ನಾನು ದೂರ ಇರೋದೇ ವಾಸಿ."

ಅವಳು ಗಂಟು ಬಿಗಿಯುವುದನ್ನು ನಿಲ್ಲಿಸಿದಳು. "ನನ್ನ ಗಂಡ ಅನ್ನಿಸ್ಕೊಂಡೋನು ಬಿಟ್ಟು ಹೋಗಿ ಆರು ವರ್ಷ. ಅವನಿದ್ದಾಗ ನಾಲ್ಕು ವರ್ಷ. ಒಟ್ಟು ಹತ್ತು ವರ್ಷದಲ್ಲಿ, ತಲುಪಿದ್ಯಾ ಅಂತ ಒಂದು ಫೋನ್ ಬಂದಿಲ್ಲ ನಂಗೆ. ಯಾವ ಊರಿಗೆ ಹೋದೆ, ಬದುಕಿದೀನಾ ಸತ್ತಿದೀನಾ ಅಂತ ಯಾರೂ ಹೆದರಿಲ್ಲ. ನೀವು ಕಿಟಕಿ ಒಡೆದು ಹಾಕಿದೀರಿ. ಈಗ ದೂರ ಇರ್ತೀನಿ ಅಂದ್ರೆ ಗಾಜು ಯಾರು ಹಾಕಿಸ್ಕೊಡ್ತಾರೆ?"

"ನಾನೇ ಹಾಕಿಸ್ತೀನಿ."

"ಅಷ್ಟೇನಾ?"

"ಇನ್ನೇನು?"

"ಇಷ್ಟ ಅಂತ ಹೇಳಿದ್ರಲ್ಲ. ಅದನ್ನ ನನ್ನ ನೋಡಿ ಹೇಳಿ."

ಅವನು ತಲೆಯೆತ್ತಿದ. ಅವಳ ಮುಖ ಎಷ್ಟು ಹತ್ತಿರವಿತ್ತೆಂದರೆ ಅವನ ಕಣ್ಣಿಗೆ ಅದು ಮಸುಕಾಗಿತ್ತು. ಅವಳಿಗದು ಗೊತ್ತಾಯಿತು. ಎದ್ದು ಹೋಗಿ ಟ್ರೇಯಿಂದ ಒಂದು ಕನ್ನಡಕ ತಂದಳು. ಕಪ್ಪು ಫ್ರೇಮು, ನಿನ್ನೆ ರಾತ್ರಿ ಉಜ್ಜಿದ ಗಾಜು. ಎದುರಿಗೆ ಮೊಣಕಾಲೂರಿ ಕೂತು, ಎರಡೂ ಕೈಯಿಂದ ಅವನ ಕಿವಿಗೆ ಕೂರಿಸಿದಳು.

ಆಗ ಅವನಿಗೆ ಕಂಡಿತು. ಎಡ ಹುಬ್ಬಿನೊಳಗಿನ ಪುಟ್ಟ ಮಚ್ಚೆ, ರೆಪ್ಪೆಗೆ ಅಂಟಿದ ಉಪ್ಪಿನ ಪುಡಿ, ನಗಬೇಕೋ ಬೇಡವೋ ಎಂದು ನಡುಗುತ್ತಿದ್ದ ತುಟಿ. ಅವಳಿಗೂ ಹೆದರಿಕೆಯಾಗಿತ್ತು. ಅವನಷ್ಟೇ ಆಗಿತ್ತು. ಇಷ್ಟು ದಿನ ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ.

"ಇಷ್ಟ," ಎಂದ, ಅವಳನ್ನೇ ನೋಡಿ.

"ಹೂಂ," ಎಂದಳು ಅವಳು. "ನಂಗೂ. ಹಗ್ಗದ ಹಿಡಿ ಸಡಿಲ ಆಗಿರ್ಲಿಲ್ಲ."

"ನಂಗೊತ್ತಿತ್ತು."

ಇಬ್ಬರೂ ಎದ್ದು ಒಳಗೆ ಹೋದರು. ಹಾಸಿಗೆಯ ಮೇಲಿನ ಗಾಜಿನ ಚೂರುಗಳನ್ನು ಅವಳು ಗುಡಿಸಿದಳು. ಅವನು ಅಲಾರಂ ಬಿಚ್ಚಿ, ಕನ್ನಡಕದೊಳಗಿಂದ ಅದರ ಹೊಟ್ಟೆಯ ಪ್ಲಸ್ ಮೈನಸ್ ಗುರುತುಗಳನ್ನು ಎರಡೆರಡು ಸಲ ಓದಿ, ಒಂದೊಂದಾಗಿ ಸೆಲ್ ಕೂರಿಸಿದ. ಅದು ಒಮ್ಮೆ ಕೀ ಎಂದು ಕೂಗಿ, ಹಸಿರು ದೀಪ ಹೊತ್ತಿಸಿತು.

ಆ ಕೂಗಿಗೆ ಇಬ್ಬರೂ ಬೆಚ್ಚಿಬಿದ್ದು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಆಮೇಲೆ ಬಿಡಲಿಲ್ಲ.